ಪಾಸಂಗ

ದುಧನಿಯ ಅಡತಿ ಅಂಗಡಿಗಳ ಹಿಂದಿನ ಓಣಿ.
ತೊಗರಿಯ ಧೂಳು ಕಿಟಕಿ ಜಾಳಿಗೆಯಲ್ಲೇ ಮನೆ ಮಾಡಿದೆ.
ಬಾಗಿಲ ಮೇಲೆ ಮರಾಠಿ ಫಲಕ, ಒಳಗೆ ನಾನು,
ಒಂದು ಮಂಚ, ಒಂದು ಯಂತ್ರ, ಹತ್ತು ತಂತಿ.

ಸಾತಲಿಂಗಪ್ಪ ಬಂದ. ಊರುಗೋಲು ಮೊದಲು, ಆಮೇಲೆ ತಾನು.
ನಲವತ್ತು ವರ್ಷ ಬಜಾರಿನ ತೋಲಾರ.
ಬಲಗಾಲು ಮೊಣಕಾಲಿಂದಾಚೆಗೆ ಇಲ್ಲ, ಸಕ್ಕರೆ ರೋಗ ತಿಂದಿದೆ.
ಧೋತರದ ಮಡಿಕೆಯಿಂದ ಎರಡು ಕಾಗದ ತೆಗೆದ:
ಒಂದು ಅಫಜಲಪುರದ್ದು, ಒಂದು ಅಕ್ಕಲಕೋಟದ್ದು.
ಒಂದರಲ್ಲಿ ಮೊದಲ ಗೆರೆ ಗುಡ್ಡ ಹತ್ತುತ್ತದೆ,
ಇನ್ನೊಂದರಲ್ಲಿ ಅದೇ ಗೆರೆ ಬಾವಿಗಿಳಿಯುತ್ತದೆ.
“ಎದಿ ಒಂದ, ತೂಕ ಎರಡ.
ಯಾವ ಊರಿನ ಕಲ್ಲು ಖರೇ, ತಂಗಿ?”

ಒಂದರ ಮೇಲೊಂದಿಟ್ಟು ಕಿಟಕಿ ಬೆಳಕಿಗೆ ಹಿಡಿದೆ.
ಎದೆಯ ಆರೂ ಗೆರೆ ಅಚ್ಚೊತ್ತಿದಂತೆ ಕೂತವು;
ಜಗಳ ಬರೀ ಕೈಗಳದ್ದು.
ಮೊದಲ ಗೆರೆ ಅಂದರೆ, ಎಡಗೈಯದರಲ್ಲಿ ಬಲಗೈಯದು ಕಳೆದದ್ದು, ಅಷ್ಟೇ.
ಅಲ್ಲಿ ಸೊನ್ನೆಯೇ ಇಲ್ಲ,
ಒಂದಕ್ಕೊಂದು ಸಾಕ್ಷಿ ಹೇಳುವ ಎರಡು ಕೈ…
ನನ್ನ ಮಾತು ಮುಗಿಯಲಿಲ್ಲ.
“ತಟ್ಟಿ ಅದಲಬದಲ ಆಗ್ಯಾವ!” ಅಂದ.
ಕೆಂಪು ಕ್ಲಿಪ್ಪು ಎಡಕ್ಕೆ, ಹಳದಿ ಬಲಕ್ಕೆ. ಹೌದು.

“ಹಂಗಾರ ಎದೀ ಗೆರಿ ಯಾಕ ತಪ್ಪಲಿಲ್ಲ?”

ಪರೀಕ್ಷೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ.
ಎರಡು ಕೈ, ಒಂದು ಎಡಗಾಲು,
ಮೂರಕ್ಕೂ ಸಮ ಸಮ ತಡೆಯಿಟ್ಟು ಒಂದೇ ಗಂಟು ಹಾಕುತ್ತೇವೆ;
ಆ ಗಂಟನ್ನು ಸೊನ್ನೆ ಅನ್ನುತ್ತೇವೆ,
ಎದೆಯನ್ನು ಅದರಿಂದ ಅಳೆಯುತ್ತೇವೆ.
“ಮೂರು ಪಾಲುದಾರರ ಗಲ್ಲಾ,” ನಕ್ಕ,
“ಯಾರು ಯಾವ ಕಡಿ ಕುಂತರೇನು, ಮೊತ್ತ ಅಷ್ಟ.
ಆದರ ಅದು ಖರೇ ಸೊನ್ನೀನ?”

ಅಲ್ಲ. ಅದೂ ಬಡಿತಕ್ಕೊಮ್ಮೆ ತುಸು ನಡುಗುತ್ತದೆ.
ಮೈಯೊಳಗೆಲ್ಲೂ ನಿಜವಾದ ಸೊನ್ನೆ ಇಲ್ಲ,
ಅದಿರುವಷ್ಟು ದೂರಕ್ಕೆ ನಮ್ಮ ತಂತಿ ಸಾಲದು.

ಬೇಜಾರಾದಾನು ಅಂದುಕೊಂಡೆ. ಅವನ ಮುಖ ಅರಳಿತು.
“ತಕ್ಕಡಿ ಎಂದೂ ಸಮ ಹುಟ್ಟೂದಿಲ್ಲವ್ವಾ.
ಮುಂಜಾನೆ ಮೊದಲ ಚೀಲ ಏರೂಕಿಂತ ಮೊದಲ
ಹಗುರಾದ ತಟ್ಟೀಗಿ ಅರಿವ್ಯಾಗ ಹಳ್ಳು ಕಟ್ಟಿ
ಪಾಸಂಗ ತಗೀತಿದ್ದೆ.
ಕಟ್ಟಿದ್ದನ್ನ ಎಲ್ಲಾರಿಗೂ ತೋರಸತಿದ್ದೆ.
ಕೆಲವರು ತಟ್ಟೀ ಬುಡಕ ಹುಣಸೀಹಣ್ಣ ಮೆತ್ತತಿದ್ದರು,
ಅದನ್ನ ತೋರಸತಿರಲಿಲ್ಲ.”

ಮಲಗಿಸಿದೆ. ಕೆಂಪು, ಹಳದಿ, ಹಸಿರು.
ಕರಿಯ ಕ್ಲಿಪ್ಪಿಗೆ ಬಲಪಾದ ಬೇಕು; ಇಲ್ಲ; ತೊಡೆಗೆ ಹಚ್ಚಿದೆ.
“ಇದು ಏನ ತೂಗತದ?”
ಏನೂ ಇಲ್ಲ. ಪಕ್ಕದ ಗಿರಣಿಯ ಕರೆಂಟು
ಮೈಗೆ ಹತ್ತಿ ಗುಂಯ್‌ಗುಡುತ್ತದಲ್ಲ,
ಅದನ್ನು ಹೊರಗೆ ದಬ್ಬುತ್ತದೆ.
“ಅಂದರ ಹಮಾಲ,” ಅಂದ, ಗೌರವದಿಂದ.

ಉಸಿರು ಹಿಡಿ. ಬಿಡು.
ಕಾಗದ ಬಂತು. ಮೊದಲ ಗೆರೆ ಗುಡ್ಡ ಹತ್ತಿತು.
ನಾಲ್ಕನೆಯದರ ಮೇಲೆ ಅವನ ಬೆರಳು ನಿಂತಿತು:
“ಇದು ಮತ್ತ ಬಾವಿಗಿ ಇಳದದ!”

ಅದು ಬಲಗೈ ಕಂಡ ಹೃದಯ.
ಗಲ್ಲಾದಿಂದ ತನ್ನ ಪಾಲು ತೆಗೆದುಕೊಂಡು
ಉಳಿದಿಬ್ಬರ ಎದುರು ನಿಂತು ನೋಡುತ್ತದೆ,
ಹಾಗಾಗಿ ಒಂದಕ್ಕೆ ಒಂದೂವರೆ ಕಾಣುತ್ತದೆ.
ಅಲ್ಲಿಂದ ಎಲ್ಲರದೂ ಇಳಿಯುತ್ತದೆ, ಕಾಕಾ.
ಇಳಿಯದಿದ್ದರೆ ನಾನು ಹೆದರಬೇಕು.

ಬಲ ಅಂಗೈ ಬಿಚ್ಚಿ ನೋಡಿಕೊಂಡ.
ಹಗ್ಗದ ಗುರುತಿನ ಮೇಲೆ ನನ್ನ ಜೆಲ್ಲು ಹೊಳೆಯುತ್ತಿತ್ತು.
ಒರೆಸಿಕೊಳ್ಳಲಿಲ್ಲ.

ತಪ್ಪಿದ ಕಾಗದದ ಅಂಚಿಗೆ ಬರೆದುಕೊಟ್ಟೆ:
ತಪ್ಪು ಕೈಯದು, ಎದೆಯದಲ್ಲ.
“ಯಾವ ಊರದ್ದಂತ ಯಾರಿಗೂ ಹೇಳಬ್ಯಾಡ,” ಅಂದ,
“ಎರಡೂ ಕಡಿ ಬೀಗರದಾರ.”

ಬಾಗಿಲ ಬಳಿ ಮೈತೂಕದ ಹಳೆಯ ಯಂತ್ರ.
ಊರುಗೋಲು ಗೋಡೆಗೊರಗಿಸಿ ಬಗ್ಗಿದ;
ಮುಳ್ಳು ಸೊನ್ನೆಗಿಂತ ಒಂದು ಗೆರೆ ಆಚೆಗಿತ್ತು.
ಉಗುರಿನಿಂದ ತಿರುಪು ತಿರುವಿ, ಮತ್ತೊಮ್ಮೆ ನೋಡಿ,
ಹತ್ತದೆಯೇ ಹೊರಟುಹೋದ.